ಲಂಡನ್ನಿನ ಪತ್ರಿಕೆ ಬೆಳಗಿನ ಚಹಾದ ಹೊತ್ತಿಗೆ ಕಾರ್ನ್‌ವಾಲ್ ತಲುಪುತ್ತಿದ್ದದ್ದು ಹೇಗೆ?

ಪ್ರಶ್ನೆ: ನಾನು ಮ್ಯಾಂಚೆಸ್ಟರ್‌ನಲ್ಲಿ ನೆಲೆಸಿರುವ ಕನ್ನಡಿಗ. ಇಲ್ಲಿನ ಹಳೆಯ ಉಗಿಬಂಡಿ ಮಾರ್ಗವೊಂದನ್ನು ನೋಡಲು ಹೋಗಿದ್ದಾಗ, ಪಕ್ಕದ ಹಳಿಯ ಮೇಲೆ ನಿಲ್ಲಿಸಿದ್ದ ನೀಲಿ ಬೋಗಿಯೊಂದರ ಮೇಲೆ ‘ನ್ಯೂಸ್‌ಪೇಪರ್ಸ್’ ಎಂದು ಬರೆದಿರುವುದನ್ನು ಕಂಡೆ. ಒಳಗೆ ಆಸನಗಳಿರಲಿಲ್ಲ, ಉದ್ದಕ್ಕೂ ಒಂದು ಮೇಜು ಇತ್ತು. ಇದು ಅಂಚೆಯ ಬೋಗಿಯೇ? ಲಂಡನ್ನಿನಲ್ಲಿ ರಾತ್ರಿ ಅಚ್ಚಾದ ಪತ್ರಿಕೆ ಬೆಳಗಾಗುವುದರೊಳಗೆ ದೇಶದ ಅಂಚಿನ ಊರುಗಳನ್ನು ಹೇಗೆ ತಲುಪುತ್ತಿತ್ತು? ಆ ವ್ಯವಸ್ಥೆ ಯಾವಾಗ, ಯಾವ ಕಾರಣಕ್ಕೆ ನಿಂತಿತು?

ಉತ್ತರ: ನೀವು ಕಂಡದ್ದು ಅಂಚೆಯ ಬೋಗಿಯಲ್ಲ. ಬ್ರಿಟನ್ನಿನಲ್ಲಿ ರಾತ್ರಿಯ ಹೊತ್ತು ಓಡುತ್ತಿದ್ದ ಅಂಚೆ ರೈಲುಗಳೇ ಬೇರೆ, ಪತ್ರಿಕಾ ರೈಲುಗಳೇ ಬೇರೆ. ಓಡುವ ರೈಲಿನೊಳಗೇ ಕಾಗದಗಳನ್ನು ವಿಂಗಡಿಸುವ ಅಂಚೆ ಬೋಗಿಗಳು 1838ರಲ್ಲಿ ಆರಂಭವಾಗಿ 2004ರ ಜನವರಿಯವರೆಗೆ ನಡೆದವು. ಅವುಗಳಲ್ಲಿ ದುಡಿಯುತ್ತಿದ್ದವರು ಅಂಚೆಯ ನೌಕರರು. ಪತ್ರಿಕೆಯಾದರೋ ರೈಲ್ವೆಯ ಲೆಕ್ಕದಲ್ಲಿ ಒಂದು ಪಾರ್ಸೆಲ್. ತೂಕ ನೋಡಿ ದರ ಕಟ್ಟಿಸಿಕೊಂಡು ಅದನ್ನು ಸಾಗಿಸಲಾಗುತ್ತಿತ್ತು. ನೀವು ನೋಡಿದ ಮೇಜಿನ ಮುಂದೆ ನಿಂತು, ದೊಡ್ಡ ಕಟ್ಟುಗಳನ್ನು ಬಿಚ್ಚಿ ಊರೂರಿನ ಅಂಗಡಿಗಳ ಲೆಕ್ಕಕ್ಕೆ ಎಣಿಸಿ ಮತ್ತೆ ಕಟ್ಟುತ್ತಿದ್ದವರು ಸಗಟು ವಿತರಕರ ಕಡೆಯ ಕೆಲಸಗಾರರು.

ಈ ರೈಲುಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎಂಜಿನ್ನುಗಳನ್ನೂ ವೇಗವನ್ನೂ ಕುರಿತೇ ಬರೆಯುತ್ತಾರೆ. ನನಗೆ ಮುಖ್ಯವೆನಿಸುವುದು ಬೇರೆ ಸಂಗತಿ. ರೈಲು ಇಲ್ಲಿ ಪತ್ರಿಕೆಯನ್ನು ಹೊರುವ ವಾಹನ ಮಾತ್ರ ಆಗಿರಲಿಲ್ಲ. ವರದಿಗಾರ ಎಷ್ಟು ಗಂಟೆಯೊಳಗೆ ಸುದ್ದಿ ಕೊಡಬೇಕು, ದಿನಕ್ಕೆ ಎಷ್ಟು ಆವೃತ್ತಿ ತರಬೇಕು, ಮುದ್ರಣಾಲಯವನ್ನು ಯಾವ ಊರಿನಲ್ಲಿ ಕಟ್ಟಬೇಕು, ಕಡೆಗೆ ಯಾವ ಓದುಗನಿಗೆ ಯಾವ ಸುದ್ದಿ ಸಿಗಬೇಕು ಎಂಬುದನ್ನೆಲ್ಲ ಬಹುಮಟ್ಟಿಗೆ ನಿರ್ಧರಿಸುತ್ತಿದ್ದದ್ದು ರೈಲಿನ ವೇಳಾಪಟ್ಟಿ. ಆ ನಂಟು ಕಡಿದದ್ದಕ್ಕೂ ರೈಲು ನಿಧಾನವಾದದ್ದು ಕಾರಣವಲ್ಲ. ಅದನ್ನು ಹೇಳಲು ಸ್ವಲ್ಪ ಹಿಂದಿನಿಂದ ಆರಂಭಿಸಬೇಕು.

ರೈಲಿಗಿಂತ ಮೊದಲು ಲಂಡನ್ನಿನ ಪತ್ರಿಕೆಗಳು ಹೊರಗಿನ ಊರುಗಳಿಗೆ ಹೋಗುತ್ತಿದ್ದದ್ದು ಕುದುರೆಗಳು ಎಳೆಯುವ ಅಂಚೆಗಾಡಿಗಳಲ್ಲಿ. ಆಗ ಪತ್ರಿಕೆಯ ಪ್ರತಿಯೊಂದು ಪ್ರತಿಯ ಮೇಲೂ ಸರ್ಕಾರದ ಮುದ್ರಾಂಕ ಸುಂಕವಿತ್ತು. 1815ರಲ್ಲಿ ಅದು ನಾಲ್ಕು ಪೆನ್ನಿಗೆ ಏರಿತ್ತು. 1836ರಲ್ಲಿ ಒಂದು ಪೆನ್ನಿಗೆ ಇಳಿಯಿತು. ಈ ಸುಂಕದಿಂದ ಒಂದು ಅನುಕೂಲವೂ ಇತ್ತು: ಮುದ್ರಾಂಕ ಬಿದ್ದ ಪತ್ರಿಕೆಗೆ ಅಂಚೆಯಲ್ಲಿ ಬೇರೆ ಶುಲ್ಕ ಕೊಡಬೇಕಾಗಿರಲಿಲ್ಲ. ತೊಂದರೆ ಇದ್ದದ್ದು ಹೊತ್ತಿನಲ್ಲಿ. ಅಂಚೆಗಾಡಿಗಳು ಲಂಡನ್ನಿನಿಂದ ಹೊರಡುತ್ತಿದ್ದದ್ದು ರಾತ್ರಿ ಎಂಟು ಗಂಟೆಗೆ. ಬೆಳಿಗ್ಗೆ ಅಚ್ಚಾದ ಪತ್ರಿಕೆ ಇಡೀ ಹಗಲು ಲಂಡನ್ನಿನಲ್ಲೇ ಬಿದ್ದಿದ್ದು, ರಾತ್ರಿ ಗಾಡಿ ಹತ್ತಿ, ಓದುಗನ ಕೈ ಸೇರುವಾಗ ಹಳತಾಗಿರುತ್ತಿತ್ತು.

ಈ ಕಳೆದುಹೋಗುವ ಹನ್ನೆರಡು ಗಂಟೆಗಳಲ್ಲಿ ವ್ಯಾಪಾರ ಕಂಡವನು ವಿಲಿಯಂ ಹೆನ್ರಿ ಸ್ಮಿತ್. ಅವನ ತಂದೆ ಹೆನ್ರಿ ವಾಲ್ಟನ್ ಸ್ಮಿತ್ 1792ರಲ್ಲಿ ಲಂಡನ್ನಿನ ಲಿಟ್ಲ್ ಗ್ರೋವ್‌ನರ್ ಸ್ಟ್ರೀಟಿನಲ್ಲಿ ಪತ್ರಿಕೆ ಮಾರುವ ಸಣ್ಣ ಅಂಗಡಿ ಹಾಕಿದ್ದ. ಮಗ ರಾತ್ರಿಯ ಅಂಚೆಗಾಡಿಗೆ ಕಾಯದೆ, ಬೆಳಿಗ್ಗೆ ಲಂಡನ್ ಬಿಡುವ ಪ್ರಯಾಣಿಕರ ಗಾಡಿಗಳಿಗೆ ಪತ್ರಿಕೆಯ ಕಟ್ಟುಗಳನ್ನು ಹಾಕತೊಡಗಿದ. ಅಚ್ಚು ತಡವಾಗಿ ಗಾಡಿ ಮುಂದೆ ಹೋಗಿಬಿಟ್ಟರೆ ತನ್ನದೇ ಹಗುರ ಬಂಡಿಗಳನ್ನು ಓಡಿಸಿ, ದಾರಿಯಲ್ಲಿ ಗಾಡಿಯನ್ನು ಹಿಡಿದು ಕಟ್ಟುಗಳನ್ನು ದಾಟಿಸುತ್ತಿದ್ದ. 1830ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ತೀರಿಕೊಂಡಾಗ, ಸ್ಮಿತ್ ದೋಣಿಯೊಂದನ್ನು ಬಾಡಿಗೆಗೆ ಹಿಡಿದು, ಅರಮನೆಯ ದೂತನಿಗಿಂತ ಒಂದು ದಿನ ಮೊದಲೇ ಡಬ್ಲಿನ್ನಿಗೆ ಪತ್ರಿಕೆ ಮುಟ್ಟಿಸಿದನೆಂದು ಆ ಸಂಸ್ಥೆಯ ಇತಿಹಾಸ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ರೈಲು ಬಂದಾಗ ಅವನಿಗೆ ಹೊಸದಾಗಿ ಕಲಿಯಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಹೊರಡುವ ಹೊತ್ತು ತಿಳಿದುಕೊಂಡು ಕಟ್ಟುಗಳನ್ನು ಅದಕ್ಕೆ ಹೊಂದಿಸುವ ವಿದ್ಯೆ ಅವನಲ್ಲಿ ಮೊದಲೇ ಇತ್ತು.

ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವಿನ ರೈಲುಮಾರ್ಗ 1830ರಲ್ಲಿ ತೆರೆಯಿತು. 1838ರಲ್ಲಿ ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮ್‌ವರೆಗಿನ ಮಾರ್ಗ ಪೂರ್ಣಗೊಂಡಿತು. ಅದೇ ಹೆಸರಿನ ಮೂರನೆಯ ತಲೆಮಾರಿನ ವಿಲಿಯಂ ಹೆನ್ರಿ ಸ್ಮಿತ್ 1846ರಲ್ಲಿ ವ್ಯಾಪಾರದಲ್ಲಿ ಪಾಲುದಾರನಾದ. 1848ರ ನವೆಂಬರ್ 1ರಂದು ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ಸಂಸ್ಥೆಯ ಮೊದಲ ರೈಲ್ವೆ ಮಳಿಗೆ ಆರಂಭವಾಯಿತು. ದಕ್ಷಿಣ ಭಾರತದ ರೈಲು ನಿಲ್ದಾಣಗಳಲ್ಲಿ ಹಿಗ್ಗಿನ್‌ಬಾಥಮ್ಸ್ ಪುಸ್ತಕದ ಅಂಗಡಿಗಳನ್ನು ಕಂಡವರಿಗೆ ಅದರ ಸ್ವರೂಪವನ್ನು ವಿವರಿಸಬೇಕಾಗಿಲ್ಲ. ಸ್ಕಾಟ್ಲೆಂಡಿನಲ್ಲಿ ಇಂಥದೇ ಕೆಲಸಕ್ಕೆ ಕೈಹಾಕಿದವನು 1833ರಲ್ಲಿ ಎಡಿನ್‌ಬರೋದಲ್ಲಿ ಅಂಗಡಿ ತೆರೆದ ಜಾನ್ ಮೆಂಜೀಸ್. ಪ್ಲಾಟ್‌ಫಾರಂ ಮೇಲಿನ ಮಳಿಗೆ ಕಣ್ಣಿಗೆ ಕಾಣುವ ಭಾಗವಷ್ಟೇ; ಅದರ ಹಿಂದೆ ಬೆಳೆದ ಸಗಟು ವಿತರಣೆಯ ಜಾಲವೇ ನಿಜವಾದ ವ್ಯಾಪಾರ. ಮುಂದೆ ಈ ಸ್ಮಿತ್ ಪಾರ್ಲಿಮೆಂಟಿನ ಸದಸ್ಯನಾಗಿ, 1877ರಲ್ಲಿ ನೌಕಾಪಡೆಯ ಹೊಣೆ ಹೊತ್ತ ಮಂತ್ರಿಯೂ ಆದ. ಪತ್ರಿಕೆ ಹಂಚಿ ಮಂತ್ರಿಯಾದವರು ಹೆಚ್ಚು ಮಂದಿ ಇರಲಾರರು.

ದೊಡ್ಡ ತಿರುವು ಬಂದದ್ದು 1855ರಲ್ಲಿ. ಆ ವರ್ಷ ಪತ್ರಿಕೆಗಳ ಮೇಲಿನ ಕಡ್ಡಾಯ ಮುದ್ರಾಂಕ ಸುಂಕ ರದ್ದಾಯಿತು. ಸುಂಕ ಹೋದದ್ದರಿಂದ ಬೆಲೆ ಇಳಿಯಿತು. ಅದೇ ವರ್ಷ ಹುಟ್ಟಿದ ಡೈಲಿ ಟೆಲಿಗ್ರಾಫ್ ಕೆಲವೇ ತಿಂಗಳಲ್ಲಿ ಒಂದು ಪೆನ್ನಿಯ ಪತ್ರಿಕೆಯಾಯಿತು. ಆದರೆ ಮುದ್ರಾಂಕವಿಲ್ಲದ ಪತ್ರಿಕೆಗೆ ಅಂಚೆಯಲ್ಲಿ ಶುಲ್ಕವಿಲ್ಲದ ಪ್ರಯಾಣವೂ ಇಲ್ಲವಾಯಿತು. ಒಂದು ಪೆನ್ನಿಯ ಪತ್ರಿಕೆಗೆ ಅಂಚೆಯ ವೆಚ್ಚ ಭರಿಸಿದರೆ ಲಾಭದ ಮಾತಿರಲಿ, ಅಸಲೂ ಹುಟ್ಟದು. ಒಂದೇ ಊರಿಗೆ ಹೋಗುವ ನೂರಾರು ಪ್ರತಿಗಳನ್ನು ಒಂದು ಕಟ್ಟಾಗಿ ಕಟ್ಟಿ ರೈಲಿಗೆ ಹಾಕಿ, ಅಲ್ಲಿನ ಅಂಗಡಿಯವನಿಂದ ಹಂಚಿಸುವುದು ಅಗ್ಗ. ಅಂಚೆಯವನ ಕೈಯಿಂದ ಅಂಗಡಿಯವನ ಕೈಗೆ ಪತ್ರಿಕೆ ದಾಟಿದ್ದು ಹೀಗೆ. 1861ರಲ್ಲಿ ಕಾಗದದ ಮೇಲಿನ ಸುಂಕವೂ ಹೋಯಿತು. ಆ ದಶಕದ ಕೊನೆಯಲ್ಲಿ ದಿ ಟೈಮ್ಸ್ ಪತ್ರಿಕೆಯ ಮುದ್ರಣಾಲಯದಲ್ಲಿ ಸುರುಳಿ ಕಾಗದದ ಮೇಲೆ ಅಚ್ಚು ಹಾಕುವ ರೋಟರಿ ಯಂತ್ರ ಬಂತು. ಅಗ್ಗದ ಪತ್ರಿಕೆ, ವೇಗದ ಅಚ್ಚು, ಎರಡೂ ಕೂಡಿಬಂದ ಮೇಲೆ ಕೊರತೆಯಾಗಿ ಉಳಿದದ್ದು ಹೊತ್ತಿಗೆ ಸರಿಯಾಗಿ ಹೊರಡುವ ರೈಲು.

ಅದುವರೆಗೆ ಪತ್ರಿಕೆಗಳು ಬೆಳಗಿನ ಮೊದಲ ಪ್ರಯಾಣಿಕ ರೈಲನ್ನು ಕಾಯಬೇಕಾಗಿತ್ತು. 1870ರ ದಶಕದಲ್ಲಿ ಪತ್ರಿಕೆಗಳಿಗೆಂದೇ ಬೆಳಗಿನ ಜಾವದ ರೈಲುಗಳು ಆರಂಭವಾದವು. ಆ ದಶಕದ ಮಧ್ಯದ ಹೊತ್ತಿಗೆ ಲಂಡನ್ನಿನ ಕಿಂಗ್ಸ್ ಕ್ರಾಸ್, ಯೂಸ್ಟನ್, ಪ್ಯಾಡಿಂಗ್ಟನ್ ನಿಲ್ದಾಣಗಳಿಂದ ಸುಮಾರು ಐದೂಕಾಲು, ಐದೂವರೆಯ ವೇಳೆಗೆ ಪತ್ರಿಕಾ ರೈಲುಗಳು ಹೊರಡುತ್ತಿದ್ದವು. ಇದರಿಂದ ಬರ್ಮಿಂಗ್‌ಹ್ಯಾಮ್‌ನಂಥ ಊರುಗಳಿಗೆ ಕಚೇರಿ ತೆರೆಯುವ ಹೊತ್ತಿಗೆ ಲಂಡನ್ ಪತ್ರಿಕೆ ಸಿಗುವಂತಾಯಿತು. ಮ್ಯಾಂಚೆಸ್ಟರ್, ಲೀಡ್ಸ್‌ಗಳಿಗೆ ಮಾತ್ರ ಅದು ತಲುಪುವಾಗ ತಿಂಡಿಯ ಹೊತ್ತು ಮೀರಿರುತ್ತಿತ್ತು, ಅಷ್ಟರಲ್ಲಿ ಅಲ್ಲಿನ ಓದುಗರು ತಮ್ಮ ಊರಿನ ಪತ್ರಿಕೆಯನ್ನು ಓದಿ ಮುಗಿಸಿರುತ್ತಿದ್ದರು. 1855ರಿಂದ ದಿನಪತ್ರಿಕೆಯಾಗಿದ್ದ ಮ್ಯಾಂಚೆಸ್ಟರ್ ಗಾರ್ಡಿಯನ್, ಲೀಡ್ಸಿನ ಯಾರ್ಕ್‌ಷೈರ್ ಪೋಸ್ಟ್, ಬರ್ಮಿಂಗ್‌ಹ್ಯಾಮ್‌ನ ಡೈಲಿ ಪೋಸ್ಟ್‌ನಂಥ ಪತ್ರಿಕೆಗಳು ಪ್ರಬಲವಾಗಿ ಬೆಳೆದದ್ದಕ್ಕೆ ಅವುಗಳ ಸಂಪಾದಕರ ಪ್ರತಿಭೆಯ ಜೊತೆಗೆ ಈ ಕೆಲವು ಗಂಟೆಗಳ ಅಂತರವೂ ಕಾರಣವೆಂದು ನಾನು ಎಣಿಸುತ್ತೇನೆ. ತಂತಿಯ ಮೂಲಕ ಸುದ್ದಿ ಅವುಗಳಿಗೂ ರಾತ್ರಿಯೇ ತಲುಪುತ್ತಿತ್ತು. ಲಂಡನ್ ಪತ್ರಿಕೆಯ ಕಾಗದ ಮಾತ್ರ ಬೆಳಗಿನವರೆಗೆ ಹಳಿಯ ಮೇಲೆ ಇರುತ್ತಿತ್ತು.

ಅಂತರ ಕಿರಿದಾದದ್ದು ಆಲ್ಫ್ರೆಡ್ ಹಾರ್ಮ್ಸ್‌ವರ್ತ್ 1896ರಲ್ಲಿ ಆರಂಭಿಸಿದ ಅರ್ಧ ಪೆನ್ನಿಯ ಡೈಲಿ ಮೇಲ್‌ನ ಕಾಲದಲ್ಲಿ. ಅಷ್ಟು ಕಡಿಮೆ ಬೆಲೆಯ ಪತ್ರಿಕೆ ಲಂಡನ್ನಿನ ಓದುಗರನ್ನಷ್ಟೇ ನೆಚ್ಚಿಕೊಂಡು ಬದುಕಲಾರದು. ಜಾಹೀರಾತುದಾರನಿಗೆ ಇಡೀ ದೇಶದ ಓದುಗರನ್ನು ತೋರಿಸಬೇಕು. ಹಾರ್ಮ್ಸ್‌ವರ್ತ್ ಎರಡು ದಾರಿಗಳನ್ನು ಹಿಡಿದ. ಒಂದು, ವಿಶೇಷ ರೈಲುಗಳನ್ನು ಬಾಡಿಗೆಗೆ ಪಡೆದು ಇನ್ನಷ್ಟು ಬೇಗ ಹೊರಡಿಸುವುದು. ಇನ್ನೊಂದು, ಸುದ್ದಿಯನ್ನು ತಂತಿಯ ಮೂಲಕ ಕಳುಹಿಸಿ, ಉತ್ತರದ ಓದುಗರ ಪ್ರತಿಗಳನ್ನು ಮ್ಯಾಂಚೆಸ್ಟರ್‌ನಲ್ಲೇ ಅಚ್ಚು ಹಾಕಿಸುವುದು. 1900ರ ಫೆಬ್ರವರಿಯಲ್ಲಿ ಡೈಲಿ ಮೇಲ್ ಎರಡೂ ನಗರಗಳಲ್ಲಿ ಏಕಕಾಲಕ್ಕೆ ಮುದ್ರಣವಾಗತೊಡಗಿತು.

ಇಲ್ಲಿ ನಿಮ್ಮ ಊರಿನ ಪಾತ್ರ ಬರುತ್ತದೆ. ಮುಂದಿನ ದಶಕಗಳಲ್ಲಿ ಲಂಡನ್ನಿನ ಪತ್ರಿಕೆಗಳು ಒಂದರ ಹಿಂದೆ ಒಂದರಂತೆ ಉತ್ತರದ ಆವೃತ್ತಿಗಳಿಗಾಗಿ ಮ್ಯಾಂಚೆಸ್ಟರ್‌ಗೆ ಬಂದವು. ವಿದಿ ಗ್ರೋವ್‌ನಲ್ಲಿದ್ದ ಮುದ್ರಣಾಲಯ ಯೂರೋಪಿನಲ್ಲೇ ಅತಿ ದೊಡ್ಡದೆಂದು ಹೆಸರಾಗಿತ್ತು. ಹಲವು ಒಡೆಯರ ಪತ್ರಿಕೆಗಳು ಆ ಒಂದೇ ಸೂರಿನಡಿ ಅಚ್ಚಾಗುತ್ತಿದ್ದವು. ಗ್ರೇಟ್ ಏನ್‌ಕೋಟ್ಸ್ ಸ್ಟ್ರೀಟಿನಲ್ಲಿ 1939ರಲ್ಲಿ ಎದ್ದ ಡೈಲಿ ಎಕ್ಸ್‌ಪ್ರೆಸ್‌ನ ಗಾಜಿನ ಕಟ್ಟಡವನ್ನು ನೀವು ಕಂಡಿರಬಹುದು. ಮ್ಯಾಂಚೆಸ್ಟರ್ ಆಯ್ಕೆಯಾದದ್ದು ಹತ್ತಿಗಿರಣಿಗಳ ಸಿರಿವಂತಿಕೆಯಿಂದ ಮಾತ್ರವಲ್ಲ. ಭೂಪಟ ತೆರೆದು ನೋಡಿದರೆ ಕಾರಣ ಹೊಳೆಯುತ್ತದೆ: ಲಂಕಾಷೈರ್, ಯಾರ್ಕ್‌ಷೈರ್, ಉತ್ತರ ವೇಲ್ಸ್, ನ್ಯೂಕಾಸಲ್ ಎಲ್ಲ ದಿಕ್ಕುಗಳಿಗೂ ಅಲ್ಲಿಂದ ರೈಲುಗಳಿದ್ದವು, ಲಂಡನ್ನಿನಿಂದ ಆ ಊರುಗಳಿಗೆ ಬೇಕಾಗುತ್ತಿದ್ದ ಹೊತ್ತಿನಲ್ಲಿ ಸುಮಾರು 300 ಕಿಲೋಮೀಟರಿನ ಓಟ ಉಳಿಯುತ್ತಿತ್ತು. ಸ್ಕಾಟ್ಲೆಂಡಿಗಾಗಿ ಡೈಲಿ ಎಕ್ಸ್‌ಪ್ರೆಸ್ 1928ರಲ್ಲಿ ಗ್ಲಾಸ್ಗೊದಲ್ಲೇ ಪ್ರತ್ಯೇಕ ಪತ್ರಿಕೆ ಆರಂಭಿಸಿದ್ದೂ ಇದೇ ಲೆಕ್ಕದಿಂದ.

ಈ ಪೈಪೋಟಿಯ ನಡುವೆ 1899ರಲ್ಲಿ ಲಂಡನ್ನಿಗೆ ಹೊಸ ಮಾರ್ಗವೊಂದು ಬಂದಿತ್ತು. ಗ್ರೇಟ್ ಸೆಂಟ್ರಲ್ ರೈಲ್ವೆಯ ಮೆರಿಲ್‌ಬೋನ್ ನಿಲ್ದಾಣ ಲಂಡನ್ನಿನ ದೊಡ್ಡ ನಿಲ್ದಾಣಗಳಲ್ಲಿ ತೀರಾ ತಡವಾಗಿ ಹುಟ್ಟಿದ್ದು. ಒಳ್ಳೆಯ ಪ್ರಯಾಣಿಕ ವ್ಯಾಪಾರವನ್ನೆಲ್ಲ ಹಳೆಯ ಕಂಪನಿಗಳು ಹಂಚಿಕೊಂಡಿದ್ದವು. ಆದ್ದರಿಂದ ಸಿಕ್ಕ ಸರಕನ್ನು ವೇಗವಾಗಿ ಒಯ್ಯುವುದೇ ಅದಕ್ಕೆ ಉಳಿದ ದಾರಿ. ಬೆಳಗಿನ ಜಾವ 2.45ಕ್ಕೆ ಮೆರಿಲ್‌ಬೋನ್ ಬಿಡುತ್ತಿದ್ದ ಅದರ ಪತ್ರಿಕಾ ಮತ್ತು ಪಾರ್ಸೆಲ್ ರೈಲು ಮ್ಯಾಂಚೆಸ್ಟರ್ ಕಡೆಗೆ ಓಡುತ್ತಿತ್ತು. 1904ರ ಡಿಸೆಂಬರ್ 23ರಂದು, ಮಂಜು ಕವಿದ ಹೊತ್ತಿನಲ್ಲಿ, ಈ ರೈಲು ಏಲ್ಸ್‌ಬರಿ ನಿಲ್ದಾಣದ ಕಡಿದಾದ ತಿರುವನ್ನು ಮಿತಿಮೀರಿದ ವೇಗದಲ್ಲಿ ಹೊಕ್ಕು ಹಳಿತಪ್ಪಿತು. ಆ ತಿರುವಿನಲ್ಲಿ ಗಂಟೆಗೆ 15 ಮೈಲಿ ಮೀರಬಾರದೆಂಬ ನಿಯಮವಿತ್ತು. ಸತ್ತ ನಾಲ್ವರೂ ರೈಲ್ವೆಯವರೇ. ಕ್ರಿಸ್‌ಮಸ್‌ಗೆ ಎರಡು ದಿನವಿರುವಾಗ ನಡೆದ ಈ ದುರಂತದಲ್ಲಿ ಎಂಜಿನ್ ಚಾಲಕನ ಮೇಲೆ ಹೊತ್ತಿನ ಒತ್ತಡ ಎಷ್ಟಿತ್ತೆಂದು ಅಳೆಯಲು ಬರುವುದಿಲ್ಲ. ಆದರೂ ಪತ್ರಿಕಾ ರೈಲೆಂದರೆ ರಾತ್ರಿಯ ಖಾಲಿ ಹಳಿಯ ಮೇಲಿನ ನಿಶ್ಚಿಂತ ಓಟ ಎಂದು ಭಾವಿಸುವವರು ಏಲ್ಸ್‌ಬರಿಯನ್ನು ಮರೆಯಬಾರದು.

ಈಗ ಒಂದು ರಾತ್ರಿಯ ಕೆಲಸ ಹೇಗೆ ಸಾಗುತ್ತಿತ್ತೆಂದು ನೋಡೋಣ. ಎರಡನೆಯ ಮಹಾಯುದ್ಧದ ನಂತರದ ದಶಕಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಫ್ಲೀಟ್ ಸ್ಟ್ರೀಟಿನ ಪತ್ರಿಕಾ ಕಚೇರಿಗಳ ನೆಲಮಾಳಿಗೆಯಲ್ಲಿ ರಾತ್ರಿ ಹತ್ತರ ಆಸುಪಾಸಿನಲ್ಲಿ ರೋಟರಿ ಯಂತ್ರಗಳು ಓಡತೊಡಗುತ್ತಿದ್ದವು. ಯಂತ್ರದಿಂದ ಮಡಿಸಿ ಹೊರಬಂದ ಪ್ರತಿಗಳು ಮೇಲಿನ ರವಾನೆ ಕೋಣೆಗೆ ಬಂದು, ಎಣಿಕೆಯಾಗಿ, ಕಂದು ಸುತ್ತುಗಾಗದ ಹೊದ್ದು, ಹುರಿಯ ಕಟ್ಟು ಬಿದ್ದು, ಮೇಲೊಂದು ಚೀಟಿ ಅಂಟಿಸಿಕೊಳ್ಳುತ್ತಿದ್ದವು. ಚೀಟಿಯ ಮೇಲೆ ನಿಲ್ದಾಣದ ಹೆಸರು, ವಿತರಕನ ಹೆಸರು, ಪ್ರತಿಗಳ ಸಂಖ್ಯೆ. ಕಟ್ಟುಗಳು ಜಾರುಹಲಗೆಯ ಮೇಲೆ ಇಳಿದು ಬೀದಿಯಲ್ಲಿ ಕಾಯುತ್ತಿದ್ದ ವ್ಯಾನುಗಳನ್ನು ಸೇರಿದ ಮೇಲೆ, ಪಶ್ಚಿಮದ ಊರುಗಳ ಪ್ರತಿಗಳು ಪ್ಯಾಡಿಂಗ್ಟನ್ನಿಗೆ, ದಕ್ಷಿಣ ಕರಾವಳಿಯವು ವಾಟರ್‌ಲೂ ಮತ್ತು ಲಂಡನ್ ಬ್ರಿಡ್ಜ್ ಕಡೆಗೆ, ಪೂರ್ವದವು ಲಿವರ್‌ಪೂಲ್ ಸ್ಟ್ರೀಟಿಗೆ, ಉತ್ತರದವು ಯೂಸ್ಟನ್, ಕಿಂಗ್ಸ್ ಕ್ರಾಸ್‌ಗಳಿಗೆ ಹೋಗುತ್ತಿದ್ದವು. ಬೇರೆ ಬೇರೆ ಒಡೆಯರ, ಹಗಲು ಹೊತ್ತು ಪರಸ್ಪರ ಬೈದುಕೊಳ್ಳುವ ಪತ್ರಿಕೆಗಳೆಲ್ಲ ರಾತ್ರಿ ಒಂದೇ ಬೋಗಿಯಲ್ಲಿ ಪ್ರಯಾಣ ಮಾಡುತ್ತಿದ್ದವು. ಯಾವುದಾದರೂ ಒಂದು ಪತ್ರಿಕೆಯ ಅಚ್ಚು ತಡವಾದರೆ ಎಲ್ಲರಿಗೂ ತಡ. ಆದ್ದರಿಂದ ತಡವಾದವನನ್ನು ಬಿಟ್ಟು ರೈಲು ಹೊರಡುವುದು ಉಳಿದವರ ಹಿತಕ್ಕೆ ಅಗತ್ಯವಾಗಿತ್ತು.

ನೀವು ಕಂಡ ಮೇಜು ಕೆಲಸಕ್ಕೆ ಬರುತ್ತಿದ್ದದ್ದು ರೈಲು ಹೊರಟ ಮೇಲೆ. ದೊಡ್ಡ ನಗರಕ್ಕೆ ಹೋಗುವ ಕಟ್ಟುಗಳನ್ನು ಮುಟ್ಟುವಂತಿರಲಿಲ್ಲ. ಅವು ಕಟ್ಟಿದಂತೆಯೇ ಇಳಿಯುತ್ತಿದ್ದವು. ಸಣ್ಣ ಊರುಗಳ ಕೆಲಸವೇ ಬೇರೆ. ಒಂದು ಹಳ್ಳಿಯ ಅಂಗಡಿಗೆ ಡೈಲಿ ಮಿರರ್ ನಲವತ್ತು, ಡೈಲಿ ಎಕ್ಸ್‌ಪ್ರೆಸ್ ಮೂವತ್ತು, ದಿ ಟೈಮ್ಸ್ ಎರಡು ಎಂಬಂತೆ ಎಲ್ಲ ಪತ್ರಿಕೆಗಳನ್ನೂ ಕೂಡಿಸಿ ಒಂದೇ ಕಟ್ಟು ಮಾಡಬೇಕು. ಲಂಡನ್ನಿನಲ್ಲಿ ಎಲ್ಲ ಪತ್ರಿಕೆಗಳೂ ಒಟ್ಟಿಗೆ ಸಿಗುವುದು ರೈಲಿನಲ್ಲಿ ಮಾತ್ರ. ಆದಕಾರಣ ಈ ಕೂಡಿಸುವ ಕೆಲಸ ಓಡುವ ಬೋಗಿಯಲ್ಲೇ ಆಗಬೇಕಾಗಿತ್ತು. ಬೋಗಿ ಅತ್ತಿತ್ತ ಓಲಾಡುತ್ತಿರುವಾಗ, ಶಾಯಿ ಇನ್ನೂ ಹಸಿಯಾಗಿರುವ ಪ್ರತಿಗಳನ್ನು ಹೆಬ್ಬೆರಳಿನಿಂದ ಸರಿಸುತ್ತ ಎಣಿಸಿ, ಮುಂದಿನ ನಿಲ್ದಾಣ ಬರುವುದರೊಳಗೆ ಅಲ್ಲಿಯ ಕಟ್ಟುಗಳನ್ನು ಬಾಗಿಲ ಬಳಿ ಇಳಿಸುವ ಕ್ರಮದಲ್ಲಿ ಪೇರಿಸಿಡಬೇಕು. ಇಳಿಯುವ ಕ್ರಮಕ್ಕೆ ತಿರುಗುಮುರುಗಾಗಿ ಪೇರಿಸಿದರೆ ಒಂದು ಊರಿನ ಪತ್ರಿಕೆ ಮುಂದಿನ ಊರಿಗೆ ಹೋಯಿತೆಂದೇ ಅರ್ಥ. ನಡುವಣ ಜಂಕ್ಷನ್ನುಗಳಲ್ಲಿ ಕೆಲವು ಬೋಗಿಗಳನ್ನು ಕಳಚಿ ಬೇರೆ ದಿಕ್ಕಿನ ರೈಲಿಗೆ ಜೋಡಿಸಲಾಗುತ್ತಿತ್ತು. ಕವಲು ಮಾರ್ಗದ ಸಣ್ಣ ನಿಲ್ದಾಣಗಳಿಗೆ ದಿನದ ಮೊದಲ ರೈಲಿನ ಗಾರ್ಡ್ ಕಟ್ಟುಗಳನ್ನು ಒಯ್ದು ಪ್ಲಾಟ್‌ಫಾರಂ ಮೇಲೆ ಹಾಕಿದರೆ, ಅಂಗಡಿಯವನು ಕೈಗಾಡಿ ತಂದು ಎತ್ತಿಕೊಳ್ಳುತ್ತಿದ್ದ. ಅಲ್ಲಿಂದ ಮನೆಬಾಗಿಲಿಗೆ ಶಾಲೆಗೆ ಹೋಗುವ ಮುನ್ನ ಸೈಕಲ್ ತುಳಿಯುವ ಹುಡುಗ.

ಕೆಲವು ಪತ್ರಿಕಾ ರೈಲುಗಳಿಗೆ ಒಂದೆರಡು ಪ್ರಯಾಣಿಕ ಬೋಗಿಗಳನ್ನೂ ಜೋಡಿಸುತ್ತಿದ್ದರು. ವಾಟರ್‌ಲೂನಿಂದ ಬೆಳಗಿನ ಜಾವ 2.45ಕ್ಕೆ ಬೋರ್ನ್‌ಮತ್ ಕಡೆಗೆ ಹೊರಡುತ್ತಿದ್ದದ್ದು ಅಂಥದು. ಆ ವಿಭಾಗದಲ್ಲಿ ಉಗಿ ಎಂಜಿನ್ನುಗಳು ನಿಂತ 1967ರ ಜುಲೈಗೆ ಮುಂಚಿನ ಕೊನೆಯ ತಿಂಗಳುಗಳಲ್ಲಿ, ಎಂಜಿನ್ ಪ್ರಿಯರು ನಿದ್ದೆಗೆಟ್ಟು ಅದರಲ್ಲಿ ಪ್ರಯಾಣ ಮಾಡುತ್ತಿದ್ದರು.

ಮೊದಲು ಹೇಳಿದ ಆವೃತ್ತಿಗಳ ವಿಷಯ ಇಲ್ಲಿ ಸ್ಪಷ್ಟವಾಗುತ್ತದೆ. ಲಂಡನ್ನಿನಿಂದ ಕಾರ್ನ್‌ವಾಲಿನ ತುದಿಯ ಪೆನ್‌ಝಾನ್ಸ್‌ಗೆ ಸುಮಾರು 490 ಕಿಲೋಮೀಟರು. ಅಲ್ಲಿ ಬೆಳಿಗ್ಗೆ ಪತ್ರಿಕೆ ಸಿಗಬೇಕಾದರೆ ಮೊದಲ ಆವೃತ್ತಿಯೇ ಹೋಗಬೇಕು. ಹೀಗೆ ಅತಿ ದೂರದವರಿಗೆ ಅತಿ ಮೊದಲ ಆವೃತ್ತಿ, ಲಂಡನ್ನಿನವರಿಗೆ ಕಡೆಯದು. ನಮ್ಮಲ್ಲಿ ಡಾಕ್ ಎಡಿಷನ್ ಓದಿ ಬೆಳೆದವರಿಗೆ ಇದರ ಪರಿಣಾಮ ತಿಳಿದೇ ಇದೆ: ರಾತ್ರಿ ತಡವಾಗಿ ಮುಗಿದ ಪಂದ್ಯದ ಫಲಿತಾಂಶ ಇಲ್ಲ, ಪಾರ್ಲಿಮೆಂಟಿನ ನಡುರಾತ್ರಿಯ ಮತದಾನ ಇಲ್ಲ, ಚುನಾವಣೆಯ ಎಣಿಕೆಯಾದರೆ ಬೆರಳೆಣಿಕೆಯ ಕ್ಷೇತ್ರಗಳು ಮಾತ್ರ. ರಾತ್ರಿಯ ರಂಗಪ್ರಯೋಗದ ವಿಮರ್ಶೆ ಕಾರ್ನ್‌ವಾಲಿನ ಓದುಗನಿಗೆ ಸಿಗಬೇಕೇ ಬೇಡವೇ ಎಂಬುದನ್ನು ಪ್ಯಾಡಿಂಗ್ಟನ್ನಿನ ಗಡಿಯಾರ ತೀರ್ಮಾನಿಸುತ್ತಿತ್ತು. ಮ್ಯಾಂಚೆಸ್ಟರ್ ಗಾರ್ಡಿಯನ್‌ಗೆ ಇದೇ ಕಷ್ಟ ಹಿಮ್ಮುಖವಾಗಿ ಬಂದಿತ್ತು. 1961ರಲ್ಲಿ ಲಂಡನ್ನಿನಲ್ಲೂ ಮುದ್ರಣ ಆರಂಭವಾಗುವವರೆಗೆ ಅದರ ಪ್ರತಿಗಳು ಮ್ಯಾಂಚೆಸ್ಟರ್‌ನಿಂದ ರೈಲಿನಲ್ಲಿ ರಾಜಧಾನಿಗೆ ಬರಬೇಕಾಗಿತ್ತು, ಎಂದರೆ ಲಂಡನ್ನಿನ ಓದುಗರಿಗೆ ಸಿಗುತ್ತಿದ್ದದ್ದು ಕರಡು ಸರಿಯಾಗಿ ತಿದ್ದಿರದ ಮೊದಲ ಆವೃತ್ತಿ. ಆ ಪತ್ರಿಕೆಗೆ ಅಚ್ಚುತಪ್ಪುಗಳ ಕುಖ್ಯಾತಿ ಅಂಟಿಕೊಂಡು, ಹೆಸರಿನ ಅಕ್ಷರಗಳನ್ನೇ ತಿರುಚಿ ‘ಗ್ರೌನಿಯಡ್’ ಎಂದು ಗೇಲಿ ಮಾಡುವ ರೂಢಿ ಬಂದದ್ದಕ್ಕೆ ಇದನ್ನೂ ಒಂದು ಕಾರಣವಾಗಿ ಹೇಳುವುದುಂಟು. ತಮಾಷೆಯಾದರೂ ನನಗೆ ಇದು ನಂಬಲರ್ಹವಾದ ವಿವರಣೆ ಎನಿಸುತ್ತದೆ.

ಭಾನುವಾರದ ಪತ್ರಿಕೆಗಳದು ಇನ್ನೂ ದೊಡ್ಡ ಹೊರೆ. 1950ರ ಸುಮಾರಿಗೆ ನ್ಯೂಸ್ ಆಫ್ ದಿ ವರ್ಲ್ಡ್ ಒಂದರದೇ ಪ್ರಸಾರ 80 ಲಕ್ಷ ಪ್ರತಿಗಳನ್ನು ದಾಟಿತ್ತು, ಅದೂ ಒಂದೇ ರಾತ್ರಿ ಸಾಗಬೇಕಾದದ್ದು. ಯುದ್ಧಕಾಲದ ಕಾಗದದ ನಿಯಂತ್ರಣದಿಂದ ಆಗ ಪತ್ರಿಕೆಗಳು ತೆಳ್ಳಗಿದ್ದವು ಎಂಬುದಷ್ಟೇ ರೈಲ್ವೆಯ ಪುಣ್ಯ. 1950ರ ದಶಕದ ಕೊನೆಗೆ ಆ ನಿಯಂತ್ರಣ ಹೋಗಿತ್ತು; 1962ರಲ್ಲಿ ಸಂಡೇ ಟೈಮ್ಸ್ ಬಣ್ಣದ ಪುರವಣಿ ತಂದಿತು; ಪ್ರತಿಯೊಂದರ ತೂಕ ಏರುತ್ತ ಹೋಯಿತು.

ಹಾಗಿದ್ದರೆ ವ್ಯವಸ್ಥೆ ಏಕೆ ನಿಂತಿತು? ಮೊದಲು ಅದರೊಳಗಿನ ದೌರ್ಬಲ್ಯ ನೋಡಬೇಕು. ಪತ್ರಿಕೆ ಹೊತ್ತ ಬೋಗಿ ಹೋಗುವಾಗ ತುಂಬಿರುತ್ತದೆ, ಬರುವಾಗ ಖಾಲಿ. ನ್ಯೂಕಾಸಲ್‌ನಿಂದ ಖಾಲಿ ಬೋಗಿಗಳನ್ನು ಎಳೆದುಕೊಂಡು ಪ್ರತಿದಿನ ಮ್ಯಾಂಚೆಸ್ಟರ್‌ನ ರೆಡ್ ಬ್ಯಾಂಕ್ ಯಾರ್ಡಿಗೆ ಮರಳುತ್ತಿದ್ದ ಉದ್ದನೆಯ ರೈಲು, ಎರಡು ಎಂಜಿನ್ನುಗಳು ಎಳೆಯುವುದನ್ನು ಫೋಟೋ ತೆಗೆಯಲು ನಿಲ್ಲುತ್ತಿದ್ದ ರೈಲುಪ್ರಿಯರಿಗೆ ಹಬ್ಬವಾಗಿತ್ತು; ಲೆಕ್ಕಪತ್ರ ಬರೆಯುವವನಿಗೆ ಅದೇ ತಲೆನೋವು. ಕೆಲವು ಗಂಟೆಗಳ ಕೆಲಸಕ್ಕಾಗಿ ನೂರಾರು ಬೋಗಿಗಳು ದಿನವಿಡೀ ನಿಲ್ಲಬೇಕು, ರಾತ್ರಿಪಾಳಿಯ ನೌಕರರು ಬೇಕು, ಬೆಳಗಿನ ಜಾವ ನಿಲ್ದಾಣಗಳು ತೆರೆದಿರಬೇಕು. ಪ್ರಯಾಣಿಕ ರೈಲುಗಳು ದಟ್ಟವಾಗಿ ಓಡುತ್ತಿದ್ದ ಕಾಲದಲ್ಲಿ ಈ ವೆಚ್ಚ ಅವುಗಳ ನಡುವೆ ಕರಗಿಹೋಗುತ್ತಿತ್ತು. ನಷ್ಟದ ಮಾರ್ಗಗಳನ್ನು ಮುಚ್ಚಲು ಸಲಹೆ ಮಾಡಿದ 1963ರ ಬೀಚಿಂಗ್ ವರದಿಯ ನಂತರ ಸಾವಿರಾರು ಸಣ್ಣ ನಿಲ್ದಾಣಗಳೂ ಕವಲು ಮಾರ್ಗಗಳೂ ಮುಚ್ಚಿದಾಗ, ರೈಲಿನಿಂದ ಅಂಗಡಿಗೆ ಇದ್ದ ಕೊನೆಯ ಕೊಂಡಿ ಕಡಿಯಿತು. ಆ ಭಾಗವನ್ನು ವಿತರಕರ ವ್ಯಾನುಗಳು ವಹಿಸಿಕೊಂಡವು. ಹೇಗೂ ವ್ಯಾನು ಬೇಕೇ ಬೇಕೆಂದಾದ ಮೇಲೆ, ಲಂಡನ್ನಿನಿಂದಲೇ ಲಾರಿ ಏಕಾಗಬಾರದು ಎಂಬ ಪ್ರಶ್ನೆ ಸಹಜ. 1959ರಲ್ಲಿ ಮೊದಲ ಹಂತ ತೆರೆದ ಎಂ1 ಹೆದ್ದಾರಿ ಮತ್ತು ಅದರ ಬೆನ್ನಿಗೆ ಬೆಳೆದ ಹೆದ್ದಾರಿಗಳ ಜಾಲ ಅದಕ್ಕೆ ಉತ್ತರ ಒದಗಿಸಿದವು.

ಮುಷ್ಕರಗಳು ಇನ್ನೊಂದು ಎಳೆ. 1926ರ ಸಾರ್ವತ್ರಿಕ ಮುಷ್ಕರದಲ್ಲಿ ಮುದ್ರಣವೂ ರೈಲೂ ಒಟ್ಟಿಗೆ ನಿಂತಿದ್ದವು. ಚರ್ಚಿಲ್ ಉಸ್ತುವಾರಿಯಲ್ಲಿ ಸರ್ಕಾರ ಹೊರಡಿಸಿದ ಬ್ರಿಟಿಷ್ ಗೆಝೆಟ್ ಪತ್ರಿಕೆಯನ್ನು ಕಾರುಗಳಲ್ಲೂ ವಿಮಾನಗಳಲ್ಲೂ ಹಂಚಿದರು. ಎಂಜಿನ್ ಚಾಲಕರ ಸಂಘ 1955ರ ಮೇ 28ರಿಂದ ಜೂನ್ 14ರವರೆಗೆ, ಮತ್ತೆ 1982ರಲ್ಲಿ ಮುಷ್ಕರ ಹೂಡಿದಾಗ ಪ್ರಕಾಶಕರು ರಸ್ತೆಯನ್ನು ಆಶ್ರಯಿಸಿದರು. ಪ್ರತಿಸಲವೂ ಅವರಿಗೆ ರಸ್ತೆಯಿಂದಲೂ ಕೆಲಸ ನಡೆಯುತ್ತದೆ ಎಂಬ ಅನುಭವ ಉಳಿಯಿತು.

ಕೊನೆಯ ಪೆಟ್ಟು ಬಿದ್ದದ್ದು 1986ರ ಜನವರಿಯಲ್ಲಿ. ರೂಪರ್ಟ್ ಮರ್ಡಾಕ್‌ರ ನ್ಯೂಸ್ ಇಂಟರ್‌ನ್ಯಾಷನಲ್ ಕಂಪನಿಯು ದಿ ಟೈಮ್ಸ್, ಸಂಡೇ ಟೈಮ್ಸ್, ದಿ ಸನ್ ಮತ್ತು ನ್ಯೂಸ್ ಆಫ್ ದಿ ವರ್ಲ್ಡ್ ಪತ್ರಿಕೆಗಳ ಮುದ್ರಣವನ್ನು ಫ್ಲೀಟ್ ಸ್ಟ್ರೀಟ್ ಸುತ್ತಲಿನ ಹಳೆಯ ಜಾಗಗಳಿಂದ ಪೂರ್ವ ಲಂಡನ್ನಿನ ವಾಪಿಂಗ್‌ಗೆ ರಾತ್ರೋರಾತ್ರಿ ಬದಲಾಯಿಸಿ, ಮುಷ್ಕರ ಹೂಡಿದ ಸುಮಾರು 5,500 ಕೆಲಸಗಾರರನ್ನು ವಜಾ ಮಾಡಿತು. ಅಚ್ಚುಮೊಳೆಯ ಕಾಲ ಮುಗಿದು ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕಾಲ ಬಂದಿತ್ತು. ಜಗಳದ ಮೂಲ ಅದು. ಆದರೆ ವಿತರಣೆಯ ದೃಷ್ಟಿಯಿಂದ ಮುಖ್ಯವಾದದ್ದು ಇನ್ನೊಂದು. ಸಗಟು ವಿತರಣೆಯಲ್ಲಿ ದುಡಿಯುತ್ತಿದ್ದ ಬಹಳ ಮಂದಿ ಮುದ್ರಣ ಕಾರ್ಮಿಕರ ಸಂಘ ಸೋಗ್ಯಾಟ್‌ನ ಸದಸ್ಯರು. ರೈಲ್ವೆಯೂ ಬಲವಾದ ಕಾರ್ಮಿಕ ಸಂಘಗಳ ಕ್ಷೇತ್ರ. ಪತ್ರಿಕೆ ಅಚ್ಚಾದರೂ ಅದನ್ನು ಎತ್ತುವವರಿಲ್ಲದೆ ಹೋದರೆ ವಾಪಿಂಗ್‌ನ ಲೆಕ್ಕವೆಲ್ಲ ತಲೆಕೆಳಗಾಗುತ್ತಿತ್ತು. ಆದ್ದರಿಂದ ಸಾಗಣೆಯನ್ನು ಟಿಎನ್‌ಟಿ ಎಂಬ ಲಾರಿ ಕಂಪನಿಗೆ ವಹಿಸಲಾಯಿತು; ಪ್ರತಿಭಟನಾಕಾರರ ಸಾಲನ್ನು ಸೀಳಿಕೊಂಡು ರಾತ್ರಿ ಹೊರಬೀಳುತ್ತಿದ್ದ ಆ ಲಾರಿಗಳ ಚಿತ್ರಗಳು ಆ ವರ್ಷದ ಬ್ರಿಟನ್ನಿನ ನೆನಪಾಗಿ ಉಳಿದಿವೆ. ರೈಲನ್ನು ಬಿಟ್ಟದ್ದು ಅದು ನಿಧಾನವೆಂದಲ್ಲ, ಅದನ್ನು ಇನ್ನೊಬ್ಬರು ನಿಲ್ಲಿಸಬಹುದಾಗಿತ್ತು ಎಂದು.

ಒಂದು ದೊಡ್ಡ ಗುಂಪಿನ ಪತ್ರಿಕೆಗಳು ಕೈತಪ್ಪಿದ ಮೇಲೆ ಉಳಿದವರ ಹೊರೆಯಿಂದ ರೈಲಿನ ವೆಚ್ಚ ಹುಟ್ಟುವುದು ಸಾಧ್ಯವಿರಲಿಲ್ಲ. ಎಲ್ಲ ಪತ್ರಿಕೆಗಳೂ ಒಂದೇ ರೈಲಿನಲ್ಲಿ ಹೋಗುತ್ತಿದ್ದದ್ದೇ ಈ ವ್ಯವಸ್ಥೆಯ ಶಕ್ತಿಯಾಗಿತ್ತು; ಒಬ್ಬರು ಹೊರಟರೆ ಎಲ್ಲರಿಗೂ ದರ ಏರುವುದು ಅದೇ ಶಕ್ತಿಯ ಇನ್ನೊಂದು ಮುಖ. ಮಿರರ್ ಗುಂಪು ಸೇರಿದಂತೆ ಇತರ ಪ್ರಕಾಶಕರೂ ಮುಂದಿನ ಎರಡು ವರ್ಷಗಳಲ್ಲಿ ರಸ್ತೆಗೆ ಇಳಿದರು. 1988ರ ಜುಲೈನಲ್ಲಿ ಬ್ರಿಟಿಷ್ ರೈಲ್‌ನ ಕೊನೆಯ ಪತ್ರಿಕಾ ರೈಲುಗಳು ಓಡಿದವು.

ನಿಮ್ಮ ಬೋಗಿಯ ವಿಷಯಕ್ಕೆ ಬಂದರೆ, ಅದು ಬಹುಶಃ 1950ರ ದಶಕದಲ್ಲಿ ಬ್ರಿಟಿಷ್ ರೈಲ್ವೇಸ್ ಕಟ್ಟಿಸಿದ ಮಾದರಿಯ ಗಾರ್ಡ್ ವ್ಯಾನು, ಅಥವಾ ಎಲ್ಲ ಬಗೆಯ ಪಾರ್ಸೆಲ್ಲಿಗೂ ಒದಗುವ ಸಾಮಾನು ಬೋಗಿ ಆಗಿರಬೇಕು. ಎರಡು ತುದಿಗಳಲ್ಲಿ ಮಾತ್ರವಲ್ಲದೆ ಪಕ್ಕದ ಗೋಡೆಗಳಲ್ಲೂ ಅಗಲವಾದ ಜೋಡಿ ಬಾಗಿಲುಗಳಿವೆಯೇ, ನಡುವೆ ಗಾರ್ಡ್ ಕುಳಿತುಕೊಳ್ಳುವ ಸಣ್ಣ ಕೋಣೆಯಿದೆಯೇ ಎಂದು ನೋಡಿ. ಕೋಣೆ ಇದ್ದರೆ ಮೊದಲನೆಯದು. ಪತ್ರಿಕೆಗಳು ಹೋದ ಮೇಲೆ ಇಂಥ ಅನೇಕ ಬೋಗಿಗಳು ಅಂಚೆ ಮತ್ತು ಪಾರ್ಸೆಲ್ ಕೆಲಸಕ್ಕೆ ವರ್ಗವಾಗಿ ಕೆಲವು ವರ್ಷ ಓಡಿದವು. ಪುಟಗಳನ್ನು ತಂತಿಯ ಮೂಲಕ ಎಲ್ಲಿಗೆ ಬೇಕಾದರೂ ಕಳುಹಿಸಿ ಅಚ್ಚು ಹಾಕುವುದು ಸಾಧ್ಯವಾದ ಮೇಲೆ ಮ್ಯಾಂಚೆಸ್ಟರ್‌ನ ಹಳೆಯ ಮುದ್ರಣಾಲಯಗಳಿಗೂ ಕೆಲಸ ಉಳಿಯಲಿಲ್ಲ. ವಿದಿ ಗ್ರೋವ್‌ನ ಆ ಕಟ್ಟಡವೇ ಈಗ ‘ಪ್ರಿಂಟ್‌ವರ್ಕ್ಸ್’ ಎಂಬ ಹೆಸರಿನಲ್ಲಿ ಸಿನಿಮಾ ಮಂದಿರ, ಹೋಟೆಲುಗಳ ತಾಣವಾಗಿದೆ. ನೀವು ವಿಕ್ಟೋರಿಯಾ ನಿಲ್ದಾಣದಿಂದ ನಡೆದು ಹೋದರೆ ಕೆಲವೇ ನಿಮಿಷಗಳ ದಾರಿ.